ಕಾಲು ತಾಗಿದ ಚೆಂಡು

ಕಳೆದ ವಾರ ಕುವೈತಿನ ಮೈದಾನ್ ಹವಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ಕಾಲು ಒಂದು ಅಕ್ಕಿ ಚೀಲಕ್ಕೆ ತಾಗಿತು. ಇಪ್ಪತ್ತು ಕಿಲೋದ ಚೀಲ. ಅದಕ್ಕೇನೂ ಆಗಲಿಲ್ಲ, ನೋವಾದದ್ದು ನನ್ನ ಹೆಬ್ಬೆರಳಿಗೆ. ಆದರೂ ನಾನು ಬಗ್ಗಿ ಚೀಲವನ್ನು ಮುಟ್ಟಿ ಬೆರಳುಗಳನ್ನು ಕಣ್ಣಿಗೊತ್ತಿಕೊಂಡೆ. ಹಿಂದೆ ತಳ್ಳುಗಾಡಿ ಹಿಡಿದು ನಿಂತಿದ್ದ ಮಗಳು ನಿಶಾ, "ಅಪ್ಪಾ, ಪ್ಲೀಸ್! ನಾಟ್ ಹಿಯರ್," ಎಂದಳು. ಕುವೈತಿನಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ತುಳು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸಿಟ್ಟು ಮತ್ತು ನಾಚಿಕೆ ಮಾತ್ರ ಇಂಗ್ಲಿಷಿನಲ್ಲೇ ಬರುತ್ತವೆ.

"ಕಾಲು ತಾಗಿತಲ್ಲ ಮಗಾ," ಎಂದೆ.

"ಸೋ? ಇಟ್ಸ್ ಜಸ್ಟ್ ರೈಸ್!"

ನಾನು ಹೇಳುವುದೂ ಅದನ್ನೇ, ಅದು ಅಕ್ಕಿ ಎಂದು. ಒಂದೇ ಕಾರಣ ಕೊಟ್ಟು ಅಪ್ಪ ಮಗಳು ಬೇರೆ ಬೇರೆ ಪಕ್ಷದಲ್ಲಿ ನಿಂತಿದ್ದೆವು. ಸುತ್ತಮುತ್ತ ಯಾರೂ ನಮ್ಮನ್ನು ನೋಡುತ್ತಿರಲಿಲ್ಲ, ಅದು ಬೇರೆ ಮಾತು.

ನಿಮಗೂ ಈ ಅಭ್ಯಾಸ ಇದ್ದೀತು. ನಮ್ಮ ಮನೆಯಲ್ಲಂತೂ ಕಾಲು ತಾಗಬಾರದ ವಸ್ತುಗಳ ಪಟ್ಟಿ ಉದ್ದವಿತ್ತು. ಪುಸ್ತಕ, ಸ್ಲೇಟು, ಅಕ್ಕಿ ಅಳೆಯುವ ಸೇರು, ಹಿರಿಯರು, ಕಿರಿಯರು, ಎಲ್ಲಕ್ಕಿಂತ ಮುಖ್ಯವಾಗಿ ಅಮ್ಮ ಬೀಡಿ ಎಲೆ ಇಡುವ ಮೊರ, ನಮ್ಮ ಮಾತಿನಲ್ಲಿ ಗೆರಸೆ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಬೀಡಿ ಕಟ್ಟುತ್ತಿದ್ದಳು. ದಾಟುವಾಗ ನನ್ನ ಕಾಲು ತಾಗಿದರೆ ಕತ್ತೆತ್ತದೆಯೇ, "ಮುಟ್ಟಿ ಕಣ್ಣಿಗೊತ್ತಿಕೋ ಮಾರಾಯ, ಅನ್ನ ಕೊಡುವಂಥದ್ದು ಅದು," ಎನ್ನುತ್ತಿದ್ದಳು. ಒಂದು ದಿನ, ಮುಟ್ಟದೆ ಹೋದರೆ ಎಂತ ಆಗ್ತದೆ ನೋಡುವ ಎಂದು ಧೈರ್ಯ ಮಾಡಿ ಹಾಗೇ ಶಾಲೆಗೆ ಹೋದೆ. ಮೊದಲನೇ ಪಿರಿಯಡ್ಡಿನಲ್ಲಿ ಪಾಠದ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಎರಡನೆಯದರಲ್ಲಿ ಅಮ್ಮನಿಗೆ ಏನಾದರೂ ಆಗಿರಬಹುದೇ ಎನ್ನಿಸಿತು. ಮಧ್ಯಾಹ್ನ ಊಟಕ್ಕೆ ಬಿಟ್ಟದ್ದೇ ಮನೆಗೆ ಓಡಿದೆ. ಅಮ್ಮ ಕಟ್ಟಿದ ಬೀಡಿ ಒಪ್ಪಿಸಲು ಗೆರಸೆಯ ಸಮೇತ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿದ್ದಳು. ಬೇರೆ ದಾರಿ ಕಾಣದೆ ಗೆರಸೆ ಇರುತ್ತಿದ್ದ ಜಾಗದ ನೆಲವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡು ವಾಪಸ್ ಓಡಿದೆ.

ಇದರಿಂದ ನಾನು ಭಕ್ತನೆಂದು ತಿಳಿಯಬೇಡಿ. ನಾನು ಪುಕ್ಕಲ. ಹೆಸರು ಸದಾನಂದ, ಆದರೆ ಆನಂದಕ್ಕೆ ಪುರುಸೊತ್ತಾದದ್ದು ಕಡಿಮೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಲಿಫ್ಟಿನಿಂದ ಎರಡು ಸಲ ಮರಳಿ ಬರುವವನು ನಾನು. ವಿಮಾನ ರಾತ್ರಿಯದಾದರೆ ಮಧ್ಯಾಹ್ನದ ಊಟವನ್ನು ವಿಮಾನ ನಿಲ್ದಾಣದಲ್ಲೇ ಮಾಡುವವನು. ಬಸ್ಸಿನಲ್ಲಿ ಪೊಲೀಸ್ ಹತ್ತಿದರೆ, ಈ ದೇಶದಲ್ಲಿರಲು ಕೊಟ್ಟ ಇಕಾಮಾ ಚೀಟಿ ಜೇಬಿನಲ್ಲಿದೆ, ಅವಧಿಯೂ ಮುಗಿದಿಲ್ಲ ಎಂದು ಗೊತ್ತಿದ್ದರೂ ನನ್ನ ಮುಖ ಮಾತ್ರ ಕಳ್ಳನದಾಗುತ್ತದೆ. ನನ್ನ ಹೆಂಡತಿ ಶಶಿ ಹೇಳುವಂತೆ, ನಾನು ಹೆದರದ ದಿನ ಅವಳಿಗೆ ಹೆದರಿಕೆಯಾಗುತ್ತದಂತೆ.

ಈ ಅಭ್ಯಾಸ ಮತ್ತು ಈ ಪುಕ್ಕಲುತನ ಎರಡೂ ಸೇರಿ ಒಮ್ಮೆ ಒಬ್ಬ ಮನುಷ್ಯನ ಉದ್ಯೋಗಕ್ಕೆ ಅಡ್ಡ ಬಂದವು. ಅಕ್ಕಿ ಚೀಲದ ಮುಂದೆ ನಿಂತು ನೆನಪಾದದ್ದು ಅದೇ.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಕುವೈತ್ ನಗರದ ದಕ್ಷಿಣಕ್ಕೆ, ಮರುಭೂಮಿಯಲ್ಲಿದ್ದ ಒಂದು ಕ್ಲಬ್ಬಿನಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಹವಲ್ಲಿಯಿಂದ ಕಂಪನಿಯ ವ್ಯಾನು ನಮ್ಮನ್ನು ತುಂಬಿಕೊಂಡು ಹೋಗಿ ಅಲ್ಲಿ ಇಳಿಸುತ್ತಿತ್ತು. ಕ್ಲಬ್ಬಿನಲ್ಲಿ ಒಂದು ಗಾಲ್ಫ್ ಮೈದಾನವಿತ್ತು. ಗಾಲ್ಫ್ ಎಂದರೆ ನೀವು ಹಸಿರು ಹುಲ್ಲು ನೆನೆಸಿಕೊಳ್ಳುತ್ತೀರಿ. ಇಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಉದ್ದಕ್ಕೂ ಮರಳು, ಅದರ ಮೇಲೆ ದಾರಿ ತೋರಿಸಲು ಸುಣ್ಣದ ಗೆರೆ. ಪ್ರತಿಯೊಬ್ಬ ಆಟಗಾರನ ಕೈಯಲ್ಲೂ ಕಾಲೊರಸಿನಷ್ಟಗಲದ ಒಂದು ಪ್ಲಾಸ್ಟಿಕ್ ಹುಲ್ಲಿನ ತುಂಡು. ಚೆಂಡು ಗೆರೆಯೊಳಗೆ ಬಿದ್ದರೆ ಅದನ್ನೆತ್ತಿ ಆ ತುಂಡಿನ ಮೇಲಿಟ್ಟು ಹೊಡೆಯಬಹುದು. ಗೆರೆಯ ಹೊರಗೆ ಬಿದ್ದರೆ ಮುಟ್ಟುವಂತಿಲ್ಲ, ಇದ್ದ ಹಾಗೆಯೇ ಹೊಡೆಯಬೇಕು. ಕುಳಿಯ ಸುತ್ತಲಿನ ಮರಳಿಗೆ ಎಣ್ಣೆ ಹಾಕಿ ಗಟ್ಟಿ ಮಾಡಿ, ಹಲಗೆ ಎಳೆದು ಸಪಾಟು ಮಾಡಿರುತ್ತಿದ್ದರು. ಕೊಲ್ಲಿ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ಮೈದಾನದಲ್ಲಿ ಹುಗಿದ ಸಿಡಿಮದ್ದನ್ನೆಲ್ಲ ತೆಗೆದಾಗಿತ್ತು, ಆದರೆ ಸುತ್ತ ಕಟ್ಟಿದ್ದ ಹಳದಿ ಹಗ್ಗದ ಆಚೆಗೆ ಯಾರೂ ಹೊಣೆಯಲ್ಲ. ಹಗ್ಗದಾಚೆ ಹೋದ ಚೆಂಡನ್ನು ಹುಡುಕಲು ಎಂಥ ಜಿಪುಣನೂ ಹೋಗುತ್ತಿರಲಿಲ್ಲ. ನಾನಂತೂ ಈಚೆಯೂ ಇತರರ ಹೆಜ್ಜೆಗುರುತಿನ ಮೇಲೆಯೇ ಕಾಲಿಟ್ಟು ನಡೆಯುತ್ತಿದ್ದೆ.

ಅಲ್ಲಿ ಆಟ ಕಲಿಸಲು ಬಂದವರು ಎಮ್ರಿಸ್. ವೇಲ್ಸ್ ದೇಶದವರು, ನಲವತ್ತನಾಲ್ಕರ ಆಸುಪಾಸು, ಬಿಸಿಲಿಗೆ ಇಟ್ಟಿಗೆಯಂತಾದ ಕತ್ತು. ಅವರು ಇಂಗ್ಲೆಂಡಿನವರೆಂದು ನಾನು ಮೊದಲ ದಿನವೇ ಹೇಳಿ, "ಅಲ್ಲ," ಎಂದು ಅನ್ನಿಸಿಕೊಂಡೆ. ನಮ್ಮನ್ನು ಯಾರಾದರೂ ಕೇರಳದವರೆಂದರೆ ನಾವು ಹೇಳುವ ಅದೇ ದನಿಯ "ಅಲ್ಲ." ಅವರ ತಂದೆ ಸ್ಲೇಟು ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರು. ನಾನು ಮುಟ್ಟಿ ಕಣ್ಣಿಗೊತ್ತಿಕೊಂಡ ಸ್ಲೇಟುಗಳಲ್ಲಿ ಒಂದಾದರೂ ಆ ಗಣಿಯದಿರಬಹುದೇ ಎಂದು ಕೇಳಬೇಕೆನಿಸಿ, ಧೈರ್ಯ ಸಾಲದೆ ಸುಮ್ಮನಾದೆ.

ಬಿಡುವಿನಲ್ಲಿ ನನ್ನ ಪೋರ್ಟಾ ಕ್ಯಾಬಿನ್ನಿಗೆ ಬಂದು ಚಹಾ ಕುಡಿಯುತ್ತಾ ಅವರು ತಮ್ಮ ಕತೆಯನ್ನು ತುಂಡು ತುಂಡಾಗಿ ಹೇಳಿದ್ದುಂಟು. ಕುರಿ ಮೇಯುವ ಗುಡ್ಡದಲ್ಲಿ ಆಟ ಕಲಿತದ್ದು, ಹತ್ತೊಂಬತ್ತಕ್ಕೆ ಅದನ್ನೇ ವೃತ್ತಿ ಮಾಡಿಕೊಂಡದ್ದು, ಹಳೇ ಕಾರಿನಲ್ಲಿ ಊರಿಂದೂರಿಗೆ ಹೋಗಿ ಆಡಿದ್ದು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಂದು ದೊಡ್ಡ ಪಂದ್ಯ ಗೆಲ್ಲುವುದರಲ್ಲಿದ್ದರು. ಕೊನೆಯಲ್ಲಿ, ಹೊಡೆಯಲು ಕೋಲು ನೆಲಕ್ಕಿಟ್ಟಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಹಾಗೆ ಅಲುಗಿದರೆ ಒಂದು ಹೊಡೆತದ ದಂಡ. ಯಾರೂ ನೋಡಿರಲಿಲ್ಲ. ಅವರೇ ಕೈಯೆತ್ತಿ ಹೇಳಿದರು, ಒಂದೇ ಒಂದು ಹೊಡೆತದಿಂದ ಸೋತರು. ಪತ್ರಿಕೆಗಳು ಅವರ ಪ್ರಾಮಾಣಿಕತೆಯನ್ನು ಹೊಗಳಿ ಬರೆದವು. ಆ ಮೇಲೆ ಅವರು ದೊಡ್ಡದೇನನ್ನೂ ಗೆಲ್ಲಲಿಲ್ಲ. ಕುಳಿಗೆ ಮೂರೇ ಅಡಿ ದೂರವಿರುವ ಚೆಂಡಿನ ಮುಂದೆ ನಿಂತರೆ ಕೈ ನಡುಗಲು ಶುರುವಾಯಿತು. ಡಾಕ್ಟರು, ಮನಸ್ಸಿನ ಡಾಕ್ಟರು ಎಲ್ಲ ಆಯಿತು. ಆಟ ಕಲಿಸುವ ಕೆಲಸ ಹಿಡಿದು ಊರು ಬದಲಿಸುತ್ತಾ ಬದಲಿಸುತ್ತಾ ಕುವೈತಿಗೆ ಬಂದರು.

"ವಿಚಿತ್ರ ನೋಡು ಸಾಡಾ," ಎಂದರು ಒಮ್ಮೆ. ನನ್ನ ಹೆಸರನ್ನು ಅವರು ಅಷ್ಟಕ್ಕೇ ನಿಲ್ಲಿಸುತ್ತಿದ್ದರು. "ಇಲ್ಲಿ ಕೈ ನಡುಗುತ್ತಿಲ್ಲ. ಈ ಎಣ್ಣೆ ಮರಳಿನ ಮೇಲೆ ನಾನು ಮತ್ತೆ ಇಪ್ಪತ್ತರ ಹುಡುಗನ ಹಾಗೆ ಆಡುತ್ತಿದ್ದೇನೆ."

ಹಾಗೆ ಹೇಳಿದ ವರ್ಷವೇ ಆ ಅವಕಾಶ ಬಂತು. ಕೊಲ್ಲಿಯ ಇನ್ನೊಂದು ಊರಿನಲ್ಲಿ, ಹುಲ್ಲಿನ ಮೈದಾನದಲ್ಲಿ, ದೊಡ್ಡ ದೊಡ್ಡ ಆಟಗಾರರ ಪಂದ್ಯ. ನಮ್ಮ ಮರಳಿನ ಮೇಲೆ ಒಂದು ದಿನದ ಪರೀಕ್ಷೆ: ಹದಿನೆಂಟು ಕುಳಿಗಳನ್ನು ಎಪ್ಪತ್ತು ಹೊಡೆತಗಳಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಮುಗಿಸಿದವರಿಗೆ ಅಲ್ಲಿಗೆ ಹೋಗುವ ಅವಕಾಶ. ಎಪ್ಪತ್ತೊಂದಾದರೆ ಇಲ್ಲ. ಎಮ್ರಿಸರ ಊಟ ಕಡಿಮೆಯಾಯಿತು, ನಡಿಗೆ ಚುರುಕಾಯಿತು. "ಈ ವಯಸ್ಸಿಗೆ ಇನ್ನೊಂದು ಸಲ ಯಾರೂ ಕರೆಯುವುದಿಲ್ಲ," ಎಂದರು. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಕೆಟ್ಟಿತು. ಪರೀಕ್ಷೆ ಅವರದು, ನಿದ್ದೆ ಕೆಟ್ಟದ್ದು ನನ್ನದು.

ಅವರ ಚೀಲ ಹೊರುತ್ತಿದ್ದವನು ಬಾಂಗ್ಲಾದೇಶದ ಶಫೀಕ್. ಆಟದ ಒಳಹೊರಗೆಲ್ಲ ಬಲ್ಲವನು. ಪರೀಕ್ಷೆಯ ಶುಕ್ರವಾರ ಬೆಳಿಗ್ಗೆ ಅವನಿಗೆ ಕೆಂಗಣ್ಣು ಬೇನೆ ಬಂದು ಎರಡೂ ಕಣ್ಣು ಅಂಟಿಕೊಂಡಿದ್ದವು. ಬೇರೆ ಯಾರೂ ಸಿಗದೆ ಎಮ್ರಿಸ್ ನನ್ನನ್ನು ಕರೆದರು. ಶಫೀಕ್ ತನ್ನ ಬೇನೆ ನನಗೆ ದಾಟದಂತೆ ಹತ್ತು ಮಾರು ದೂರ ನಿಂತು ಕೂಗಿ ಹೇಳಿದ: "ಭಾಯಿ, ಬ್ಯಾಗ್ ಉಠಾವೋ, ಚುಪ್ ರಹೋ. ಬಾಲ್ ಕೋ ಹಾತ್ ಮತ್ ಲಗಾನಾ!" ಚೀಲ ಹೊರು, ಸುಮ್ಮನಿರು, ಚೆಂಡಿಗೆ ಕೈ ಹಚ್ಚಬೇಡ. ಆಟಗಾರ ಆಗಲಿ, ಅವನ ಚೀಲ ಹೊತ್ತವನಾಗಲಿ ಮುಟ್ಟಬಾರದಲ್ಲಿ ಚೆಂಡನ್ನು ಬೇಕೆಂದೇ ಮುಟ್ಟಿದರೆ ಒಂದು ಹೊಡೆತದ ದಂಡ. ಅಷ್ಟು ಸುಲಭದ ಮೂರು ಮಾತನ್ನು ನಾನು ಬಾಯಿಪಾಠ ಮಾಡಿಕೊಂಡೆ.

ಜುಮ್ಮಾ ನಮಾಜು ಮುಗಿದ ಮೇಲೆ ಆಟ ಶುರುವಾಯಿತು. ಚಳಿಗಾಲದ ಒಳ್ಳೆಯ ಬಿಸಿಲು. ಎಮ್ರಿಸರ ಜೊತೆ ಆಡುತ್ತಾ ಅವರ ಹೊಡೆತಗಳನ್ನು ಕಾರ್ಡಿನಲ್ಲಿ ಬರೆಯುತ್ತಿದ್ದವರು ಬಿಳಿ ಮೀಸೆಯ ಒಬ್ಬ ಬ್ಯಾಂಕ್ ಅಧಿಕಾರಿ. ಆಟದ ಸೌಂದರ್ಯವನ್ನು ವರ್ಣಿಸಲು ನನಗೆ ಬರುವುದಿಲ್ಲ; ನಾನು ನೋಡಿದ್ದು ಎಮ್ರಿಸರ ಕೈ ಮಾತ್ರ. ನಡುಗಲಿಲ್ಲ. ಹದಿನೈದು ಕುಳಿ ಮುಗಿದಾಗ ಅವರು ನನ್ನತ್ತ ತಿರುಗಿ ನಕ್ಕರು. ಇನ್ನುಳಿದ ಮೂರನ್ನು ಸಾಧಾರಣವಾಗಿ ಆಡಿದರೂ ಸರಿಯಾಗಿ ಎಪ್ಪತ್ತು ಬರುತ್ತದೆ ಎಂದರು.

ಹದಿನಾರನೆಯದರಲ್ಲಿ ಅವರ ಚೆಂಡು ಸುಣ್ಣದ ಗೆರೆಯಿಂದ ಒಂದು ಮಾರು ಹೊರಗೆ ಬಿತ್ತು. ಕೆಟ್ಟ ಜಾಗವೇನಲ್ಲ. ಎಮ್ರಿಸ್ ಚೆಂಡಿನಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ, ನನಗೆ ಬೆನ್ನು ಹಾಕಿ, ಕುಳಿಯ ಗುರುತಿಗೆ ನೆಟ್ಟ ದೂರದ ಬಾವುಟ ನೋಡುತ್ತಾ ನಿಂತರು. ಬಿಳಿ ಮೀಸೆಯವರು ಆ ಬದಿಯಲ್ಲಿ ತಮ್ಮ ಚೆಂಡು ಹುಡುಕುತ್ತಿದ್ದರು. ನಾನು ಚೀಲ ಇಳಿಸಲೆಂದು ಒಂದು ಕಾಲು ಹಿಂದಿಟ್ಟೆ. ಹಿಮ್ಮಡಿಗೆ ಏನೋ ತಾಗಿದಂತಾಯಿತು. ನೋಡಿದರೆ ಚೆಂಡು. ಅಲುಗಿರಲಿಲ್ಲ. ತಾಗಿತೋ ಇಲ್ಲವೋ, ಇವತ್ತಿಗೂ ನಿಶ್ಚಯವಾಗಿ ಹೇಳಲಾರೆ. ಹಾಗೇ ಬಿಟ್ಟಿದ್ದರೆ ಯಾವ ನಿಯಮವೂ ನನ್ನನ್ನು ಕೇಳುತ್ತಿರಲಿಲ್ಲ.

ಆದರೆ ನನ್ನ ಕೈ ಕೇಳಬೇಕಲ್ಲ. ಆ ಮನುಷ್ಯನಿಗೆ ಅನ್ನ ಕೊಡುವ ವಸ್ತು, ಅದಕ್ಕೆ ಕಾಲು ತಾಗಿದೆ. ಬಗ್ಗಿದೆ, ಮೂರು ಬೆರಳಿನಿಂದ ಚೆಂಡನ್ನು ಮುಟ್ಟಿದೆ, ಕಣ್ಣಿಗೊತ್ತಿಕೊಂಡೆ. ಕಣ್ಣು ತೆರೆಯುವಾಗ ಶಫೀಕನ ಮೂರನೆಯ ಮಾತು ನೆನಪಾಯಿತು.

ಎಮ್ರಿಸ್ ಇನ್ನೂ ಬಾವುಟದತ್ತಲೇ ನೋಡುತ್ತಿದ್ದರು. ಬಿಳಿ ಮೀಸೆಯವರು ದೂರದಲ್ಲಿ ಬೆನ್ನು ಬಗ್ಗಿಸಿದ್ದರು. ಯಾರೂ ನೋಡಿರಲಿಲ್ಲ. ಎಮ್ರಿಸ್ ತಿರುಗಿ ಬಂದರು, ಕೋಲು ಕೇಳಿದರು, ಹೊಡೆದರು. ಆ ಕುಳಿ ನಾಲ್ಕು ಹೊಡೆತದಲ್ಲಿ ಮುಗಿಯಿತು. ಬಿಳಿ ಮೀಸೆಯವರು "ನಾಲ್ಕು?" ಎಂದರು. ಎಮ್ರಿಸ್ ತಲೆಯಾಡಿಸಿದರು. ಕಾರ್ಡಿನಲ್ಲಿ ನಾಲ್ಕು ಎಂದಾಯಿತು.

ಅಲ್ಲಿಂದ ಇನ್ನೆರಡು ಕುಳಿ, ಮುಕ್ಕಾಲು ಗಂಟೆ. ಅಂಥ ಮುಕ್ಕಾಲು ಗಂಟೆ ಶತ್ರುವಿಗೂ ಬೇಡ. ಹೇಳಿದರೆ ಅವರ ಕೊನೆಯ ಅವಕಾಶವನ್ನು ನನ್ನ ಕೈಯಾರೆ ಕೊಂದಂತೆ. ಹೇಳದೆ ಅವರು ಕಾರ್ಡಿಗೆ ಸಹಿ ಹಾಕಿದರೆ ಸುಳ್ಳು ಕಾರ್ಡಿಗೆ ಸಹಿ ಹಾಕಿದಂತೆ. ಪ್ರಾಮಾಣಿಕತೆಗೆ ಹೆಸರಾದ ಮನುಷ್ಯ, ಇನ್ಯಾವತ್ತೋ ಗೊತ್ತಾದರೆ? ನನ್ನ ಯೋಚನೆ ಅಲ್ಲಿಗೂ ನಿಲ್ಲಲಿಲ್ಲ. ಕ್ಲಬ್ಬಿನವರು ನನ್ನನ್ನು ತೆಗೆಯುತ್ತಾರೆ, ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲ್ ಇಕಾಮಾ ರದ್ದು ಮಾಡುತ್ತಾನೆ, ಬಂದು ಮೂರು ತಿಂಗಳಾದ ಶಶಿಯನ್ನು ಕರೆದುಕೊಂಡು ಊರಿಗೆ ಹೋಗಬೇಕು. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕೇಳುತ್ತಾರೆ, "ಎಂತ ಸದಾನಂದಣ್ಣ, ಕುವೈತ್ ಬಿಟ್ಟದ್ದಾ? ಯಾಕೆ?" ಚೆಂಡಿಗೆ ನಮಸ್ಕಾರ ಮಾಡಿದ್ದಕ್ಕೆ ಎಂದು ಹೇಳಲಿಕ್ಕಾಗುತ್ತದೆಯೇ, ನೀವೇ ಹೇಳಿ.

ಹದಿನೇಳು ಮುಗಿಯಿತು. ಹದಿನೆಂಟರ ಕೊನೆಯ ಚೆಂಡು ಕುಳಿಗೆ ಸರಿಯಾಗಿ ಮೂರಡಿ ದೂರದಲ್ಲಿತ್ತು. ಅವರು ಒಂದು ಕ್ಷಣ ನಿಂತರು. ಅದು ಬೀಳದಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಬೀಳದಿದ್ದರೆ ಎಪ್ಪತ್ತೊಂದಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಇರುವುದಿಲ್ಲ. ಅಷ್ಟು ಕೀಳು ಪ್ರಾರ್ಥನೆಯನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ. ಚೆಂಡು ನೇರ ಹೋಗಿ ಕುಳಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು.

ಡೇರೆಯ ಕೆಳಗೆ ಮೇಜು. ಬಿಳಿ ಮೀಸೆಯವರು ಕಾರ್ಡಿಗೆ ಸಹಿ ಹಾಕಿ ಎಮ್ರಿಸರತ್ತ ತಳ್ಳಿದರು. ಎಮ್ರಿಸ್ ಪೆನ್ನು ಹಿಡಿದು ಕಾರ್ಡನ್ನು ಓದುತ್ತಾ ಕುಳಿತರು. ತುಂಬ ಹೊತ್ತು ಓದಿದರು. ನಾನು ಅತ್ತಿತ್ತ ನೋಡಿದೆ. ಡೇರೆಯ ಬಾಗಿಲಲ್ಲಿ ನಮ್ಮ ಕ್ಲಬ್ಬಿನ ಮ್ಯಾನೇಜರು, ನಾವೆಲ್ಲ ಮುದೀರ್ ಎಂದು ಕರೆಯುತ್ತಿದ್ದ ಈಜಿಪ್ಟಿನವರು, ನಿಂತಿದ್ದರು. ಅವರ ಕೊರಳಲ್ಲಿ ಒಂದು ದುರ್ಬೀನು ನೇತಾಡುತ್ತಿತ್ತು. ಅವರು ನನ್ನನ್ನೇ ದಿಟ್ಟಿಸುತ್ತಿದ್ದರು.

"ಸಾರ್," ಎಂದೆ. "ಹದಿನಾರರಲ್ಲಿ ನಾನು ಚೆಂಡು ಮುಟ್ಟಿದೆ."

ಎಮ್ರಿಸ್ ತಲೆಯೆತ್ತಿ ನನ್ನನ್ನು ನೋಡಿದರು. "ಕೈಯಿಂದ?"

"ಕೈಯಿಂದ. ಕಾಲು ತಾಗಿತೆಂದು."

ಬಿಳಿ ಮೀಸೆಯವರಿಗೆ ತಲೆಬುಡ ಅರ್ಥವಾಗಲಿಲ್ಲ. ಕಾಲು ತಾಗಿದರೆ ಕೈಯಿಂದ ಯಾಕೆ ಮುಟ್ಟಬೇಕೆಂದು ಮೂರು ಸಲ ಕೇಳಿದರು. ಎಮ್ರಿಸ್ ಏನೂ ಕೇಳಲಿಲ್ಲ. ಕಾರ್ಡಿನ ನಾಲ್ಕನ್ನು ಹೊಡೆದುಹಾಕಿ ಐದು ಮಾಡಿಸಿದರು, ಮೊತ್ತ ಎಪ್ಪತ್ತೊಂದಾಯಿತು, ಸಹಿ ಹಾಕಿದರು. ಎದ್ದು ನನ್ನ ಭುಜದ ಮೇಲೆ ಕೈಯಿಟ್ಟು, "ಖಲಾಸ್," ಎಂದರು. ಅವರಿಗೆ ಬರುತ್ತಿದ್ದ ಎರಡೋ ಮೂರೋ ಅರಬ್ಬಿ ಮಾತುಗಳಲ್ಲಿ ಅದೂ ಒಂದು.

ಮರುದಿನ ಕ್ಲಬ್ಬಿನ ಫಲಕದಲ್ಲಿ ಎಮ್ರಿಸರ ಪ್ರಾಮಾಣಿಕತೆಯನ್ನು ಕೊಂಡಾಡಿ ಒಂದು ಕಾಗದ ಅಂಟಿಸಿದರು. ಅದನ್ನು ಟೈಪು ಮಾಡಿದ್ದು ನಾನೇ. ಇಪ್ಪತ್ತು ವರ್ಷದ ಹಿಂದಿನ ಘಟನೆಯನ್ನೂ ಸೇರಿಸಿ ಬರೆದಿದ್ದರು. ಜನ ಅವರ ಕೈ ಕುಲುಕಿದರು. ಅವರು ಕೈ ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ. ನನ್ನ ಕ್ಯಾಬಿನ್ನಿಗೆ ಚಹಾಕ್ಕೆ ಬರುವುದು ನಿಂತಿತು. ಸಿಟ್ಟು ಬಂದಿದೆ, ನ್ಯಾಯವೇ, ಎಂದುಕೊಂಡೆ. ಮನೆಯಲ್ಲಿ ಶಶಿ, "ನೀವು ನಿಜ ಹೇಳಿದ್ದಲ್ಲವಾ? ಮತ್ತೆ ಎಂತ ಮಂಡೆಬಿಸಿ?" ಎಂದಳು. ಮಂಡೆಬಿಸಿ ಎಂಥದೆಂದು ಅವಳಿಗೂ ಹೇಳಲಿಲ್ಲ. ದುರ್ಬೀನಿನ ವಿಷಯ ಆಮೇಲೆ ಗೊತ್ತಾಗಿತ್ತು: ಮುದೀರ್ ಅದರಲ್ಲಿ ನೋಡುತ್ತಿದ್ದದ್ದು ಪಾರ್ಕಿಂಗ್ ಜಾಗವನ್ನು, ತಮ್ಮ ಹೊಸ ಕಾರಿಗೆ ಯಾರಾದರೂ ಒರಗುತ್ತಾರೋ ಎಂದು.

ಬೇಸಿಗೆಗೆ ಎಮ್ರಿಸರ ಕರಾರು ಮುಗಿಯಿತು. ಅವರು ಮುಂದುವರಿಸಲಿಲ್ಲ. ಹೊರಡುವ ಬೆಳಿಗ್ಗೆ ಅವರ ಸಾಮಾನು ವ್ಯಾನಿಗೆ ಏರಿಸಲು ನಾನು ಹೋದೆ. ಕೋಣೆಯಲ್ಲಿ ನಾವಿಬ್ಬರೇ. ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಕೇಳಲಿಕ್ಕಾಗುವುದಿಲ್ಲ ಎನ್ನಿಸಿ, "ಸಾರ್, ನಿಮ್ಮ ಅವಕಾಶ ನಾನು ಹಾಳು ಮಾಡಿದೆ. ಕ್ಷಮಿಸಿದ್ದೀರಾ?" ಎಂದೆ.

ಅವರು ಪೆಟ್ಟಿಗೆಯ ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು. "ಸೂರ್ಯ ನಮ್ಮ ಬೆನ್ನಿಗಿದ್ದ, ಸಾಡಾ. ನಿನ್ನ ನೆರಳು ನನ್ನ ಪಕ್ಕದಲ್ಲೇ ಬಿದ್ದಿತ್ತು. ಅದು ಬಗ್ಗಿದ್ದನ್ನು, ಕೈ ಕೆಳಗೆ ಹೋದದ್ದನ್ನು ನಾನು ನೋಡಿದೆ."

ನನಗೆ ಒಮ್ಮೆಗೇ ಅರ್ಥವಾಗಲಿಲ್ಲ. "ಹಾಗಾದರೆ ನಿಮಗೆ ಗೊತ್ತಿತ್ತು?"

"ಗೊತ್ತಿತ್ತು. ನಾಲ್ಕು ಅಂದೆ. ನೀನು ಬಾಯಿ ಬಿಡದಿದ್ದರೆ ಸಹಿ ಹಾಕುವವನಿದ್ದೆ."

ಅವರ ಮುಖ ನೋಡಲಾಗಲಿಲ್ಲ. ಅವರಿಗೆ ಸಮಾಧಾನ ಮಾಡಲೆಂದೋ, ನನ್ನ ಹೊರೆ ಇಳಿಸಲೆಂದೋ ಗೊತ್ತಿಲ್ಲ, ಹೇಳಿಬಿಟ್ಟೆ: "ನಾನೂ ಒಳ್ಳೆಯತನದಿಂದ ಹೇಳಿದ್ದಲ್ಲ ಸಾರ್. ಮುದೀರರ ಕೊರಳಲ್ಲಿ ದುರ್ಬೀನು ಕಂಡೆ. ಅವರು ನೋಡಿಬಿಟ್ಟರೆಂದು ಹೆದರಿ ಹೇಳಿದೆ."

ಎಮ್ರಿಸ್ ಪೆಟ್ಟಿಗೆಯ ಮೇಲೆ ಕುಳಿತರು. "ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಾನು ಕೈಯೆತ್ತಿದ್ದು ಯಾಕೆ ಗೊತ್ತೇ?" ಎಂದರು. "ಚೆಂಡು ಅಲುಗಿದ ಗಳಿಗೆಯಲ್ಲೇ ನನ್ನ ಕಾರ್ಡ್ ಬರೆಯುತ್ತಿದ್ದ ಮುದುಕ ಕೆಮ್ಮಿದ. ನೋಡಿಬಿಟ್ಟ ಅಂದುಕೊಂಡೆ."

"ನೋಡಿದ್ದರಾ?"

"ಇಲ್ಲ. ಅವನಿಗೆ ನೆಗಡಿಯಾಗಿತ್ತು." ಅವರು ನಗಲು ನೋಡಿದರು, ಸಾಧ್ಯವಾಗಲಿಲ್ಲ. "ಈ ಸಲ ಯಾರೂ ಕೆಮ್ಮಲಿಲ್ಲ, ಸಾಡಾ."

ಹೊರಗೆ ವ್ಯಾನಿನವನು ಯಲ್ಲಾ ಯಲ್ಲಾ ಎಂದು ಕೂಗಿ ಅವಸರ ಮಾಡುತ್ತಿದ್ದ. ಪೆಟ್ಟಿಗೆಯ ಒಂದು ಬದಿಯನ್ನು ಅವರು ಹಿಡಿದರು, ಇನ್ನೊಂದು ಬದಿಯನ್ನು ನಾನು ಹಿಡಿದೆ. ಅಲ್ಲಿಯವರೆಗೆ ನನಗೆ ಆ ಮನುಷ್ಯನ ಮೇಲೆ ಇದ್ದದ್ದು ಗೌರವ. ಪೆಟ್ಟಿಗೆ ಹೊತ್ತು ಆ ನಾಲ್ಕು ಮೆಟ್ಟಿಲು ಇಳಿಯುವಾಗ ಅವರು ನನ್ನ ಸ್ವಂತ ಅಣ್ಣನೇ ಎನ್ನುವಷ್ಟು ಪ್ರೀತಿ ಬಂತು.